ದೇವಮ್ಮ ಮೊಲದ ಗೂಡಿನ ಟರ್ಪಾಲು ಬಿಚ್ಚಿದ್ದು

ಘಟ್ಟದ ಬುಡದ ಊರು ಕೊಲ್ಲಮೊಗ್ರಿನಲ್ಲಿ ಡಿಸೆಂಬರ್ ಬಂತೆಂದರೆ ಬೆಳಿಗ್ಗೆ ಎಂಟಾದರೂ ಮಂಜು ಬಿಡುವುದಿಲ್ಲ. ಮನುಷ್ಯರಿಗೇ ಹೊದಿಕೆ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ಹಾಗಿರುವಾಗ ಅಂಗಳದ ಗೂಡಿನಲ್ಲಿರುವ ಮೊಲಗಳ ಗತಿ ಎಂತ? ದೇವಮ್ಮನಿಗೆ ಅದೇ ಚಿಂತೆ.

ದೇವಮ್ಮ ನಲವತ್ತು ವರ್ಷ ದನ ಸಾಕಿದವರು. ಊರಲ್ಲಿ ಯಾರ ಹಸು ಕರು ಹಾಕಲು ಕಷ್ಟಪಟ್ಟರೂ ಮೊದಲು ಅವರಿಗೇ ಕರೆ ಬರುತ್ತದೆ. ಮೊಮ್ಮಗಳು ದೀಕ್ಷಿತಾ ಎರಡು ಮೊಲ ತಂದಾಗ ಅವುಗಳ ಜವಾಬ್ದಾರಿಯನ್ನೂ ಅವರೇ ವಹಿಸಿಕೊಂಡರು. ಬಿಳಿಯದರ ಹೆಸರು ಬೊಳ್ಳಿ, ಕಪ್ಪಿನದು ಕರಿಯ. ಚಳಿ ಶುರುವಾದದ್ದೇ ತಡ, ಗೂಡಿನ ನಾಲ್ಕೂ ಬದಿಗೆ ಟರ್ಪಾಲು ಸುತ್ತಿ ಹಗ್ಗ ಬಿಗಿದರು.

ನಾಲ್ಕನೇ ದಿನ ಬೆಳಿಗ್ಗೆ ದೀಕ್ಷಿತಾ ಓಡಿ ಬಂದಳು. “ಅಜ್ಜಿ, ನಿನ್ನೆ ಸಂಜೆ ಹಾಕಿದ ಹುಲ್ಲನ್ನು ಬೊಳ್ಳಿ ಮುಟ್ಟಲೇ ಇಲ್ಲ. ಮೂಗು ಸೋರ್ತಾ ಉಂಟು.”

“ಚಳಿ ಹಿಡಿದದ್ದು. ಬಚ್ಚಲ ಒಲೆ ಹತ್ತಿರ ಇಡುವ,” ಎಂದರು ದೇವಮ್ಮ.

ದೀಕ್ಷಿತಾಳಿಗೆ ಸಮಾಧಾನವಾಗಲಿಲ್ಲ. ಸ್ವಸಹಾಯ ಸಂಘದ ಶರ್ಮಿಳಾಗೆ ಫೋನ್ ಮಾಡಿದಳು. ಸಾಕುಪ್ರಾಣಿಗಳ ಆರೈಕೆಯ ತರಬೇತಿ ಪಡೆದ ಶರ್ಮಿಳಾ ಊರಿಗೆಲ್ಲ ಪಶುಸಖಿ. ಅರ್ಧ ಗಂಟೆಯಲ್ಲಿ ಸ್ಕೂಟರಿನಲ್ಲಿ ಬಂದರು. ಟರ್ಪಾಲು ಸರಿಸಿದರೆ ಮೂತ್ರದ ಘಾಟು ಮುಖಕ್ಕೆ ಬಡಿಯಿತು. ಒಳಗೆಲ್ಲ ನೀರಹನಿ, ಹಾಸಿದ ಹುಲ್ಲು ಒದ್ದೆ.

“ದೇವಮ್ಮಕ್ಕ, ಇದು ಚಳಿಯಿಂದ ಆದದ್ದಲ್ಲ. ಒಳಗೆ ಗಾಳಿ ಇಲ್ಲದೆ ಆದದ್ದು.”

“ಎಂತ ಹೇಳುದು ನೀನು? ನಾನು ಸ್ವೆಟರ್ ಹಾಕಿ ನಡುಗುವ ಚಳಿಯಲ್ಲಿ ಅದು ತೆರೆದ ಗೂಡಲ್ಲಿ ಇರ್ತದಾ?”

ಶರ್ಮಿಳಾ ಕರಿಯನನ್ನು ಎತ್ತಿ ಅವರ ಮಡಿಲಲ್ಲಿಟ್ಟರು. “ಕೂದಲೊಳಗೆ ಬೆರಳು ಹಾಕಿ ನೋಡಿ.”

ದೇವಮ್ಮನ ಬೆರಳು ಗೆಣ್ಣಿನವರೆಗೂ ಮುಳುಗಿತು. ಒಳಗೆ ಬೆಚ್ಚಗಿತ್ತು.

“ಚಳಿಗಾಲಕ್ಕೆ ಇದರ ಕೂದಲು ದಪ್ಪ ಆಗ್ತದೆ ಅಕ್ಕ. ನಮ್ಮೂರ ಚಳಿ ಇದಕ್ಕೆ ದೊಡ್ಡದಲ್ಲ. ಮೈ ಒದ್ದೆ ಆಗಬಾರದು, ಗಾಳಿ ನೇರ ಬಡಿಯಬಾರದು. ಒಲೆ ಹತ್ತಿರ ಇಟ್ಟರೆ ಹೊಗೆಗೆ ಉಸಿರಾಡುದು ಕಷ್ಟ. ಈಗ ಬೊಳ್ಳಿಯನ್ನು ಡಾಕ್ಟರಿಗೆ ತೋರಿಸುವ. ಮೊಲ ಅರ್ಧ ದಿನ ತಿನ್ನದಿದ್ದರೂ ಕಾಯಬಾರದು.”

ಪ್ರಾಣಿಗಳ ವಿಷಯದಲ್ಲಿ ಅವರಿಗೆ ಹೀಗೆ ಹೇಳಿದವರು ಈವರೆಗೆ ಯಾರೂ ಇರಲಿಲ್ಲ. ಆದರೂ ಬುಟ್ಟಿ ತಂದು ಬೊಳ್ಳಿಯನ್ನು ಕೂರಿಸಿಕೊಂಡು ಸ್ಕೂಟರಿನ ಹಿಂದೆ ತಾವೇ ಹತ್ತಿದರು. ಡಾಕ್ಟರು ಮದ್ದು ಕೊಟ್ಟು, “ಒಳ್ಳೆ ಹೊತ್ತಿಗೆ ತಂದಿರಿ,” ಎಂದರು.

ಮರುದಿನ ದೇವಮ್ಮ ಟರ್ಪಾಲಿನ ಹಗ್ಗ ತಾವೇ ಬಿಚ್ಚಿದರು. ಮಗ ಅಚ್ಚುತ ಗೂಡನ್ನು ನೆಲದಿಂದ ಮೊಣಕಾಲೆತ್ತರಕ್ಕೆ ಏರಿಸಿದ. ಗಾಳಿ ಬೀಸುವ ಬದಿಗೆ ಹಲಗೆ, ಮೇಲೆ ಶೀಟು. ಎದುರು ಬದಿಯಲ್ಲಿ ಗಟ್ಟಿ ಬಲೆ ಮಾತ್ರ. ಒಳಗೊಂದು ಮರದ ಪೆಟ್ಟಿಗೆ ಇಟ್ಟು ಅದರೊಳಗೆ ಬೈಹುಲ್ಲು, ಅಂದರೆ ಭತ್ತದ ಒಣಹುಲ್ಲು, ತುಂಬಿದ. ಒದ್ದೆಯಾದ ಹುಲ್ಲನ್ನು ದಿನಾ ತೆಗೆಯುವುದು ದೀಕ್ಷಿತಾಳ ಕೆಲಸ. ಒಣಹುಲ್ಲು, ಶುದ್ಧ ನೀರು ಯಾವಾಗಲೂ ಇರುವಂತೆ ದೇವಮ್ಮ ನೋಡಿಕೊಂಡರು. ವಾರದೊಳಗೆ ಬೊಳ್ಳಿ ಚೇತರಿಸಿಕೊಂಡಿತು.

ಜನವರಿಯಲ್ಲಿ ಚಳಿ ಇನ್ನೂ ಏರಿತು. ಒಂದು ಬೆಳಿಗ್ಗೆ ದೇವಮ್ಮ ಅಳುಕುತ್ತಲೇ ಗೂಡಿನ ಬಳಿ ಹೋದರು. ಎರಡೂ ಮೊಲಗಳು ಪೆಟ್ಟಿಗೆ ಬಿಟ್ಟು ಹೊರಬಂದು, ಮಂಜಿನ ಎದುರೇ ಕೂತು ಹುಲ್ಲು ಅಗಿಯುತ್ತಿದ್ದವು. ದೇವಮ್ಮ ತುಂಬ ಹೊತ್ತು ನೋಡುತ್ತಾ ನಿಂತರು.

ಆ ಭಾನುವಾರ ಸಂಘದ ಸಭೆಯಲ್ಲಿ ಅವರೇ ಎದ್ದು ನಿಂತರು. “ನಲವತ್ತು ವರ್ಷ ದನ ಸಾಕಿದವಳು ನಾನು. ಮೊಲದ ವಿಷಯದಲ್ಲಿ ನಾನು ತಪ್ಪು ಮಾಡಿದೆ. ಸರಿ ಮಾಡಿದ್ದು ನನ್ನ ಮೊಮ್ಮಗಳು, ಮತ್ತೆ ನಮ್ಮದೇ ಸಂಘದ ಶರ್ಮಿಳಾ. ಬೇಕಾದವರು ಬಂದು ಗೂಡು ನೋಡಬಹುದು.” ಹೇಳುವಾಗ ಅವರ ತಲೆ ಬಗ್ಗಿರಲಿಲ್ಲ. ಜೊತೆಗೆ ಬಂದಿದ್ದ ದೀಕ್ಷಿತಾಳಂತೂ ಬೆಂಚಿನಲ್ಲಿ ಇನ್ನೂ ನೆಟ್ಟಗೆ ಕೂತಳು. ಮರುವಾರವೇ ಪಕ್ಕದೂರಿನವರು ಗೂಡಿನ ಅಳತೆ ತೆಗೆದುಕೊಳ್ಳಲು ಬಂದರು.

ನಿಮ್ಮ ಮನೆಯಲ್ಲೂ ಮೊಲ ಉಂಟಾ? ಇವತ್ತೇ ಗೂಡಿನೊಳಗೆ ಕೈ ಹಾಕಿ ನೋಡಿ. ಹುಲ್ಲು ಒದ್ದೆಯಾಗಿದ್ದರೆ ಬದಲಾಯಿಸಿ, ಘಾಟು ಬಂದರೆ ಗಾಳಿಗೆ ದಾರಿ ಬಿಡಿ. ಮರಿಗಳಿದ್ದರೆ, ಮುದಿ ಮೊಲವಿದ್ದರೆ ಹೊಗೆ ಇಲ್ಲದ ಒಣ ಕೋಣೆಗೆ ತನ್ನಿ. ತಿನ್ನುವುದು ಬಿಟ್ಟರೆ ಕೂಡಲೇ ಪಶುವೈದ್ಯರಿಗೆ ತೋರಿಸಿ. ಚಳಿಯನ್ನು ಮೊಲ ತಾನೇ ನೋಡಿಕೊಳ್ಳುತ್ತದೆ. ಗೂಡನ್ನು ನೀವು ನೋಡಿಕೊಳ್ಳಿ.