ಸಮ ನೀರು

ದಂಡೋತಿಯ ಕಲ್ಯಾಣಪ್ಪನಿಗೆ ಯಾರಾದರೂ ನೀರಿನ ವಿಷಯದಲ್ಲಿ ಬುದ್ಧಿ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತಿತ್ತು. ಕಾಗಿಣಾ ನದಿ ದಂಡೆ ಮೀರಿ ಹರಿಯುವಾಗಲೂ ಈಸಿ ದಾಟಿದ ಆಸಾಮಿ ಅವನು. ಅಂಥವನಿಗೆ ಬಿಗಿ ಅಂಗಿ ತೊಡಿಸಿ, ಗೋಕರ್ಣದ ಆಚೆಯ ಕಡಲ ದಂಡೆಯಲ್ಲಿ ಹಲಗೆಯ ಮೇಲೆ ಬೋರಲು ಮಲಗಿಸಿ, ಮರಳಿನಲ್ಲೇ ಕೈ ಬಡಿಯಿರಿ ಎಂದರೆ ಹೇಗಾಗಿರಬೇಡ! ಪಕ್ಕದ ಹಲಗೆಯಲ್ಲಿ ಮಗಳು ಭಾಗ್ಯ ನಗು ತಡೆಯಲಾಗದೆ ಮುಖ ಮುಚ್ಚಿಕೊಂಡಿದ್ದಳು.

ಸರ್ಫಿಂಗ್ ಕಲಿಯುವ ಆಸೆ ಅವಳದೇ. ಸೇಡಂ ಕಾಲೇಜಿನ ಗೆಳತಿ ಜಬೀನಾ ಹೋದ ವರ್ಷ ಕಲಿತು ಬಂದು ಫೋಟೋ ತೋರಿಸಿದ್ದಳು. ದಸರಾ ರಜೆಯ ಪ್ರವಾಸದಲ್ಲಿ ಅಪ್ಪ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ತಾನೂ ಜೊತೆಗೆ ಇಳಿಯುತ್ತೇನೆ, ನೀರಿನಲ್ಲಿ ತಾನು ಹೇಳಿದಂತೆ ಕೇಳಬೇಕು. ಹತ್ತೊಂಬತ್ತು ವರ್ಷ ಅದನ್ನೇ ಮಾಡಿಕೊಂಡು ಬಂದ ಹುಡುಗಿ, ಹೂಂ ಅಂದಳು.

ಕಲಿಸುವ ಮಾಸ್ತರ ಕರಾವಳಿಯವನು. ಮಾತಿನ ನಡುವೆ ಮತ್ತೆ ಮತ್ತೆ ಸಮುದ್ರದ ಕಡೆ ತಿರುಗುತ್ತಿದ್ದ. ಅವನ ಆ ನೋಟ ಕಲ್ಯಾಣಪ್ಪನಿಗೆ ಸರಿಬರಲಿಲ್ಲ.

"ಎರಡು ಕೆಂಪು-ಹಳದಿ ಬಾವುಟದ ನಡುವೆಯೇ ಇರಿ. ತೆರೆ ಒಡೆಯುವ ಕಡೆಯೇ ಇರಿ. ತೆರೆ ಇಲ್ಲದ ಕಡೆ ಮಾತ್ರ ಯಾರೂ ಹೋಗಬೇಡಿ," ಎಂದ ಮಾಸ್ತರ.

ಕಲ್ಯಾಣಪ್ಪ ಮಗಳ ಕಿವಿಯಲ್ಲಿ ಹೇಳಿದ: "ಎಲ್ಲಿ ನೀರು ಜಿಗೀಲಿಕತ್ತದ, ಅಲ್ಲೇ ಇರ್ರಿ ಅಂತಾನ. ಇವನ ತಲಿ ನೆಟ್ಟಗ ಅದನೋ ಇಲ್ಲೋ!"

ಅವನು ಹಾಗಂದದ್ದಕ್ಕೆ ಕಾರಣವಿತ್ತು. ಹೊಳೆ ತುಂಬಿದಾಗ ಕಾಗಿಣಾ ದಂಡೆಯವರು ನೀರು ಕುದಿಯುವ ಕಡೆ ಇಳಿಯುವುದಿಲ್ಲ. ಅಲ್ಲಿ ಅಡಿಯಲ್ಲಿ ಕಲ್ಲಿರುತ್ತದೆ, ಕಾಲು ಮುರಿಯುತ್ತದೆ. ಸಮ ನೀರು ನೋಡಿ ಇಳಿ, ಎಂದು ಅವನಿಗೆ ಅವನಪ್ಪ ಕಲಿಸಿದ್ದ. ಆ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ನೀರಿಗಿಳಿದ ಮೇಲೆ ಭಾಗ್ಯ ಮೂರು ಸಲ ಬಿದ್ದಳು. ಮೂರನೆಯ ಸಲ ತೆರೆ ಅವಳನ್ನು ಹೊರಳಿಸಿ ಬಿಸಾಕಿತು. ಉಪ್ಪು ನೀರು ಕಾರುತ್ತ ಎದ್ದ ಮಗಳನ್ನು ಕಂಡು ಅಪ್ಪ ಬೇರೆ ಜಾಗ ಹುಡುಕಿದ. ಬಾವುಟದಿಂದ ಆಚೆ, ಒಂದು ಓಣಿಯಷ್ಟು ಅಗಲಕ್ಕೆ, ನೀರು ಸದ್ದಿಲ್ಲದೆ ಬಿದ್ದುಕೊಂಡಿತ್ತು. ಬಣ್ಣ ತುಸು ಕಪ್ಪು. ಅಲ್ಲಿ ಒಬ್ಬರೂ ಇರಲಿಲ್ಲ.

"ಬಾ ಇಲ್ಲಿ. ಇಲ್ಲಿ ನೀರು ಸಮ ಅದ."

"ಸರ್ ಬ್ಯಾಡ ಅಂದಾರಪ್ಪಾ."

"ನಾ ಹೇಳಾಕತ್ತೀನಲ್ಲ?"

ಭಾಗ್ಯ ಬಂದಳು. ಸೊಂಟಮಟ್ಟದ ನೀರಿನಲ್ಲಿ ನಿಂತು ಅಪ್ಪ ಹಲಗೆ ಹಿಡಿದುಕೊಟ್ಟ, ಅವಳು ಮಲಗಿದಳು. ಕಾಲಡಿಯ ಮರಳು ಸರ್ರನೆ ಜಾರಿದ್ದು ಅವನಿಗೆ ತಿಳಿಯಿತು, ಹಿಮ್ಮಡಿ ಊರಿ ನಿಂತ. ಕೈ ಬಿಟ್ಟ.

ಹಲಗೆ ಸುಮ್ಮನೆ, ಚೆಂದವಾಗಿ, ಕಡಲ ಕಡೆಗೆ ಹೊರಟಿತು. ಕಲ್ಯಾಣಪ್ಪನಿಗೆ ಹಿಗ್ಗು ತಡೆಯಲಾಗಲಿಲ್ಲ. ದಂಡೆಗೆ ಬಂದು, ದಣಿದು ಕುಳಿತಿದ್ದ ಇಬ್ಬರು ಕಲಿಯುವವರಿಗೆ ಕೂಗಿ ಹೇಳಿದ: "ನೋಡ್ರಿ ನನ್ನ ಮಗಳ್ನ! ಹೆಂಗ ಹೊಂಟಾಳ!"

ಅವರು ನೋಡಿದರು. ಅವನೂ ಮತ್ತೆ ನೋಡಿದ. ಆಗ ಕಂಡಿತು: ಭಾಗ್ಯಳ ಎರಡೂ ಕೈ ಹಲಗೆಯನ್ನು ಅವುಚಿಕೊಂಡಿದ್ದವು. ಅವಳು ಕೈ ಬಡಿಯುತ್ತಲೇ ಇರಲಿಲ್ಲ. ನೀರೇ ಅವಳನ್ನು ಒಯ್ಯುತ್ತಿತ್ತು.

"ಭಾಗ್ಯಾ! ಇತ್ತ ಬಾ! ನನ್ನ ಕಡೆ ಬಾ!" ಕೈ ಬೀಸಿ ಕರೆದ.

ಅವಳು ಹಲಗೆ ತಿರುಗಿಸಿ, ಅಪ್ಪನ ಕೈ ನೋಡುತ್ತ, ನೆಟ್ಟಗೆ ಅವನ ಕಡೆಗೇ ಬಡಿಯತೊಡಗಿದಳು. ಎಷ್ಟು ಬಡಿದರೂ ದೂರವೇ ಆಗುತ್ತಿದ್ದಳು. ಅತ್ತ ತುದಿಯಲ್ಲಿದ್ದ ಮಾಸ್ತರ ಸೀಟಿ ಊದುತ್ತ ಹಲಗೆ ಹೊತ್ತು ಓಡಿಬಂದ.

"ಕರೆಯಬೇಡಿ! ದಂಡೆಯ ನೀರು ಅಲ್ಲಿಂದಲೇ ಕಡಲಿಗೆ ಮರಳೋದು. ಆ ಸೆಳೆತಕ್ಕೆ ಎದುರು ಬಂದರೆ ಸೋತುಹೋಗ್ತಾಳೆ. ಪಕ್ಕಕ್ಕೆ ಹೋಗಬೇಕು, ತೆರೆ ಇರುವ ಕಡೆಗೆ!" ಎನ್ನುತ್ತಲೇ ನೀರಿಗೆ ಬಿದ್ದ.

"ಮಗಳೇ, ಅಡ್ಡ ಹೋಗು! ನನ್ನ ಕಡೆ ಬರಬ್ಯಾಡ!"

ಸಮುದ್ರದ ಮೊರೆತದಲ್ಲಿ ಕಲ್ಯಾಣಪ್ಪನ ದನಿ ಅವನಿಗೇ ಕೇಳಲಿಲ್ಲ. ಅವಳ ಕೈ ನಿಧಾನವಾಗುತ್ತಿತ್ತು. ಮಾಸ್ತರ ಇನ್ನೂ ಅರ್ಧ ದಾರಿಯಲ್ಲಿದ್ದ. ಮಗಳ ಕಣ್ಣು ಅಪ್ಪನನ್ನು ಬಿಟ್ಟು ಕದಲಿರಲಿಲ್ಲ. ತಾನು ಇಲ್ಲಿ ನಿಂತಿರುವ ತನಕ ಇವಳು ಇಲ್ಲಿಗೇ ಬರುತ್ತಾಳೆ, ಬರುತ್ತ ಬರುತ್ತಲೇ ಹೋಗಿಬಿಡುತ್ತಾಳೆ ಎಂಬುದು ಕಲ್ಯಾಣಪ್ಪನಿಗೆ ಹೊಳೆಯಿತು.

ಅವನು ಓಡಿದ. ದಂಡೆಗುಂಟ, ಬಾವುಟ ದಾಟಿ, ತೆರೆಗಳು ಅಬ್ಬರಿಸಿ ಒಡೆಯುವ ಕಡೆಗೆ ಬಿದ್ದು ಎದ್ದು ಓಡಿ, ಅಲ್ಲಿ ನಿಂತು ಎರಡೂ ಕೈ ಎತ್ತಿದ. ಕ್ಷಣಹೊತ್ತು ಹಲಗೆ ನಿಂತಲ್ಲೇ ಸುತ್ತಿತು. ಆಮೇಲೆ ಅದರ ಮೂತಿ ಮೆಲ್ಲಗೆ ಅವನ ಕಡೆ ಹೊರಳಿತು. ಅಡ್ಡಡ್ಡ ಬಂದ ಅವಳಿಗೆ ಮಾಸ್ತರ ಅಲ್ಲೇ ಸಿಕ್ಕ, ಹಲಗೆಯ ಹಿಂದಿನಿಂದ ನೂಕಿದ, ಒಂದು ದೊಡ್ಡ ತೆರೆ ಇಬ್ಬರನ್ನೂ ದಂಡೆಗೆ ತಂದು ಕೆಡವಿತು.

ಸುತ್ತ ಜನ ಸೇರಿದರು. ಭಾಗ್ಯಳ ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಅನ್ನುತ್ತಿದ್ದವು.

"ಅಪ್ಪಾ, ನೀ ಹೇಳಿದ ಜಾಗದಾಗೇ ಇದ್ದೆ. ನಾ ಎಲ್ಲಿ ತಪ್ಪಿದೆ?"

ಅವನು ಬಗ್ಗಿ, ಮೆಲ್ಲನೆ ಅಂದ: "ನೀ ತಪ್ಪಿಲ್ಲವ್ವಾ. ನಾ ತಪ್ಪಿದೆ."

"ಏನಂದಿ? ಕಿವ್ಯಾಗ ನೀರು ಹೊಕ್ಕದ."

ಕಲ್ಯಾಣಪ್ಪ ತಲೆ ಎತ್ತಿದ. ಮಾಸ್ತರ ನೋಡುತ್ತಿದ್ದ, ದಂಡೆಯಲ್ಲಿ ಕುಳಿತಿದ್ದ ಆ ಇಬ್ಬರೂ ನೋಡುತ್ತಿದ್ದರು. ಅವನು ಕೂಗಿ ಹೇಳಿದ: "ನಾ ತಪ್ಪಿದೆ ಭಾಗ್ಯಾ. ನನ್ನ ಮಾತು ಕೇಳಿ ನೀ ಸಾಯ್ತಿದ್ದಿ."