ಒಂದು ಕಿಲೋ ಮೀನಿನ ಹೊಗೆ

ಅಣ್ಣ ಬೋಟಿನವನು, ತಂಗಿ ಕೊಳದವಳು. ಒಂದೇ ಬೀದಿಯ ಎರಡು ತುದಿಯಲ್ಲಿದ್ದರೂ ಮೂರು ವರ್ಷದಿಂದ ಮುಖ ಕೊಟ್ಟು ಮಾತಾಡಿರಲಿಲ್ಲ. ಅಪ್ಪನ ಕಾಲದ ಬೋಟಿನ ಕೆಲಸ ಬಿಟ್ಟು ತಂಗಿ ಊರ ಹಿಂದಿನ ಪಾಳು ಗದ್ದೆಯಲ್ಲಿ ಮೀನು ಸಾಕಲು ನಾಲ್ಕು ಕೊಳ ತೋಡಿಸಿದಾಗ ಅಣ್ಣ ಬೋಟು ನಿಲ್ಲುವ ದಕ್ಕೆಯಲ್ಲಿ ಎಲ್ಲರೆದುರು ನಕ್ಕಿದ್ದ.

"ಕಣ್ಣೆದುರು ಸಮುದ್ರ ಇಟ್ಕೊಂಡು ಗುಂಡಿ ತೋಡೋರನ್ನ ಇವತ್ತೇ ನೋಡಿದ್ದು!"

"ನೀನು ಸಮುದ್ರದ ತಳ ಕೆರೆದು ಮುಗಿಸು, ಆಮೇಲೆ ನನ್ನ ಗುಂಡಿ ಹತ್ರಾನೇ ಬರ್ತೀಯ" ಎಂದು ತಂಗಿಯೂ ತಿರುಗೇಟು ಕೊಟ್ಟಿದ್ದಳು. ಅಲ್ಲಿಗೆ ಮಾತು ನಿಂತಿತು.

ಈಗ ಪಟ್ಟಣದ ದೊಡ್ಡ ಆಸ್ಪತ್ರೆಯವರು, ತಮ್ಮ ಅಡುಗೆಮನೆಗೆ ಅತಿ ಕಡಿಮೆ ಹೊಗೆಯಿಂದ ಬಂದ ಮೀನನ್ನೇ ಕೊಳ್ಳುತ್ತೇವೆ ಎಂದು ತಿಳಿಸಿದ್ದರು. ಒಂದು ಕಿಲೋ ಮೀನು ತಟ್ಟೆಗೆ ಬರುವಷ್ಟರಲ್ಲಿ ಎಷ್ಟು ಇಂಧನ ಉರಿಯುತ್ತದೆ, ಗಾಳಿಗೆ ಎಷ್ಟು ಇಂಗಾಲ ಸೇರುತ್ತದೆ ಎಂದು ಅಳೆಯಲು ಒಬ್ಬಾಕೆಯನ್ನೂ ಕಳಿಸಿದರು. ದಪ್ಪ ಕನ್ನಡಕದ, ಹಟಮಾರಿ ಹೆಂಗಸು. ಎರಡೇ ದಿನದಲ್ಲಿ ಊರು ಅವಳಿಗೆ 'ಹೊಗೆ ಮೇಡಂ' ಎಂದು ಹೆಸರಿಟ್ಟಿತು. ಆಸ್ಪತ್ರೆಗೆ ಮೀನು ಕೊಡಲು ಅಣ್ಣ, ತಂಗಿ ಇಬ್ಬರೂ ಹೆಸರು ಕೊಟ್ಟಿದ್ದರು. ಇಬ್ಬರಿಗೂ ತಾವೇ ಗೆಲ್ಲುವುದರಲ್ಲಿ ಸಂಶಯವಿರಲಿಲ್ಲ.

ಮೇಡಂ ಮೊದಲು ಬೋಟು ಹತ್ತಿದಳು. ನಾಲ್ಕು ದಿನ ವಾಂತಿ ಮಾಡುತ್ತಲೇ ಡೀಸೆಲ್ ಎಷ್ಟು, ಮಂಜುಗಡ್ಡೆ ಎಷ್ಟು, ಸಿಗಡಿ ಎಷ್ಟು ಎಂದು ಬರೆದುಕೊಂಡಳು. ಆಮೇಲೆ ಕೊಳಕ್ಕೆ ಬಂದಳು. ನೀರಿಗೆ ಗಾಳಿ ಬೆರೆಸುವ ಚಕ್ರ, ಅದನ್ನು ತಿರುಗಿಸುವ ಜನರೇಟರ್ ಎಲ್ಲ ನೋಡಿ, ಮೀನಿಗೆ ಹಾಕುವ ಮೇವಿನ ಕಾಳಿನ ಮೂಟೆಯೊಳಗೆ ಕೈ ಹಾಕಿದಳು.

"ಇದನ್ನ ಯಾವುದರಿಂದ ಮಾಡ್ತಾರೆ?"

"ಮೂಟೆ ಮೇಲೆ ಮೀನಿನ ಚಿತ್ರ ಇದೆ. ಮೀನೇ ಇರ್ಬೇಕು."

"ಯಾವ ಮೀನು?"

ತಂಗಿಗೆ ಗೊತ್ತಿರಲಿಲ್ಲ. ಮೂರು ವರ್ಷ ದಿನಾ ಎರಚಿದ್ದರೂ ಕೇಳಬೇಕೆಂದು ತೋಚಿರಲಿಲ್ಲ. ನಾಚಿಕೆಯಾಗಿ, "ನಾನೂ ಬರ್ತೀನಿ, ನಡೀರಿ" ಎಂದು ಕಾಳಿನ ಕಾರ್ಖಾನೆಗೆ ಹೊರಟಳು.

ಕಾರ್ಖಾನೆ ಇನ್ನೂ ಫರ್ಲಾಂಗು ದೂರವಿರುವಾಗಲೇ ನಾತ ಮೂಗಿಗೆ ಬಡಿಯಿತು. ಒಳಗೆ ದೊಡ್ಡ ಒಲೆಯ ಮೇಲೆ ಉದ್ದನೆಯ ಉರುಳೆಯೊಂದು ತಿರುಗುತ್ತ ಮೀನು ಒಣಗಿಸುತ್ತಿತ್ತು. ಅಂಗಳದಲ್ಲಿ ಲಾರಿಯಿಂದ ಬೆರಳುದ್ದದ ಸಣ್ಣ ಮೀನು ಬುಟ್ಟಿ ಬುಟ್ಟಿ ಇಳಿಯುತ್ತಿತ್ತು. ಬುಟ್ಟಿ ಇಳಿಸುತ್ತಿದ್ದವನು ತಿರುಗಿದ. ಅಣ್ಣ!

ಅವನ ಮುಖ ಬಿಳಿಚಿಕೊಂಡಿತು. "ಏನ್ ಮಾಡೋದು? ಸಿಗಡಿಗೆ ಹೋಗದ ದಿನ ದಡದ ಹತ್ರ ಸುತ್ತುಬಲೆ ಹಾಕ್ತೀನಿ, ಆ ಸಣ್ಣ ಮೀನು ಅಂದ್ರೆ ಮಾರ್ಕೆಟ್ಟಲ್ಲಿ ಮೂಸೋರಿಲ್ಲ. ಇಲ್ಲಿಗೆ ಸುರಿದುಹೋಗ್ತೀನಿ" ಎಂದು ಮೇಡಂ ಕಡೆ ನೋಡಿ ಹೇಳಿದ.

ತಂಗಿ ಒಂದು ಮೀನು ಎತ್ತಿ ಹಿಡಿದು, ಮೂರು ವರ್ಷದ ನಂತರ ಅವನ ಜೊತೆ ಮೊದಲ ಮಾತಾಡಿದಳು.

"ಅಣ್ಣಾ, ಇಷ್ಟು ದಿನ ನನ್ನ ಮೀನು ತಿಂದಿದ್ದು ನಿನ್ನ ಮೀನನ್ನೇ."

ಅಣ್ಣ ಕಣ್ಣು ಕಿರಿದು ಮಾಡಿದ. ಅರ್ಥವಾದದ್ದೇ ತಡ, ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. "ಹಾಗಾದ್ರೆ ನಿನ್ನ ಗುಂಡಿ ಸಾಕ್ತಾ ಇರೋನು ನಾನೇ ಅನ್ನು!" ತಂಗಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು.

ಮರುವಾರ ಆಸ್ಪತ್ರೆಯ ಅಡುಗೆಮನೆಯಲ್ಲಿ ಮೇಡಂ ಲೆಕ್ಕ ಓದಿದಳು. ಆಳದಲ್ಲಿ ಬಲೆ ಎಳೆದು ಹಿಡಿದ ಸಿಗಡಿಯದೇ ಅತಿ ಹೆಚ್ಚು ಹೊಗೆ. ಕೊಳದ ಮೀನು ನಡುವೆ. ಅದರಲ್ಲಿ ಬಹುಪಾಲು ಕಾಳಿನದು, ಉಳಿದದ್ದು ಜನರೇಟರಿನದು. ಎಲ್ಲಕ್ಕಿಂತ ಕಡಿಮೆ, ದಡದ ಹತ್ತಿರ ಅರ್ಧ ದಿನದಲ್ಲಿ ಸುತ್ತುಬಲೆ ಹಾಕಿ ಹಿಡಿಯುವ ಆ ಸಣ್ಣ ಮೀನಿನದು.

"ಸಾಕಿದ್ದು ಒಳ್ಳೇದಾ, ಹಿಡಿದದ್ದು ಒಳ್ಳೇದಾ ಅಂತ ಕೇಳಿದ್ರೆ ಉತ್ತರ ಸಿಗಲ್ಲ. ಯಾವ ಮೀನು, ಹೇಗೆ ಹಿಡಿದ್ರಿ, ಏನು ತಿನ್ನಿಸಿದ್ರಿ ಅಂತ ಕೇಳ್ಬೇಕು" ಎಂದಳು.

ಮುಖ್ಯ ಅಡುಗೆಯಾಕೆ ಸೆರಗಿಗೆ ಕೈ ಒರೆಸಿಕೊಂಡಳು. "ಸರಿ, ಆ ಸಣ್ಣ ಮೀನನ್ನೇ ತನ್ನಿ."

"ಬರೀ ಮುಳ್ಳು ಕಣಕ್ಕಾ. ರೋಗಿಗಳು ತಿಂತಾರಾ?" ಅಣ್ಣ ಹಿಂಜರಿದ.

"ಮೂವತ್ತು ವರ್ಷ ಒಲೆ ಮುಂದೆ ನಿಂತವಳಿಗೆ ಹೇಳ್ಕೊಡ್ತೀಯಾ? ಕುಕ್ಕರಲ್ಲಿ ಸಣ್ಣ ಉರಿ ಮೇಲೆ ಬೇಯ್ಸಿದ್ರೆ ಮುಳ್ಳು ಬೆಣ್ಣೆ ಆಗುತ್ತೆ. ಆದ್ರೆ ಮೀನು ಮೊಟ್ಟೆ ಇಡೋ ತಿಂಗಳು ನೀನು ಸಮುದ್ರಕ್ಕೆ ಹೋಗಲ್ವಲ್ಲ, ಆಗ ಏನ್ ಮಾಡ್ಲಿ?"

"ಆಗ ನಾನು ಕೊಡ್ತೀನಿ" ಎಂದಳು ತಂಗಿ. "ಸೊಪ್ಪು, ತೌಡು ತಿಂದು ಬೆಳೆಯೋ ಜಾತಿ ಹಾಕ್ತೀನಿ."

ಹೇಳಿದಷ್ಟು ಸುಲಭವಾಗಲಿಲ್ಲ. ಮೊದಲ ಕೊಳದಲ್ಲಿ ಮರಿಗಳು ಅರ್ಧಕ್ಕರ್ಧ ಸತ್ತವು. ಅಣ್ಣ ಸಿಗಡಿ ಬಿಟ್ಟು ಸುತ್ತುಬಲೆಗೇ ನಿಂತಾಗ, ಅದಕ್ಕೊಪ್ಪದೆ ಬೋಟಿನ ಇಬ್ಬರು ಆಳುಗಳು ಬೇರೆ ಬೋಟಿಗೆ ಹೋದರು. ಆದರೆ ಆಸ್ಪತ್ರೆಯಲ್ಲಿ ರೋಗಿಗಳ ತಟ್ಟೆಗಳು ಖಾಲಿಯಾಗಿ ಅಡುಗೆಮನೆಗೆ ಮರಳತೊಡಗಿದವು. ಎರಡನೇ ಸಲ ಮರಿಗಳು ಕೈಹಿಡಿದವು. ಎಂಜಿನ್ನಿನ ಮರ್ಮ ಬಲ್ಲ ಅಣ್ಣ ಕೊಳಕ್ಕೆ ಬಂದು ಸೊಂಟಮಟ್ಟ ನೀರಿಗಿಳಿದು ಗಾಳಿಚಕ್ರ ಬಿಚ್ಚಿ ಜೋಡಿಸಿದ.

ವರ್ಷದ ಬಳಿಕ ಮೇಡಂ ಮತ್ತೆ ಅಳೆದಳು. ಇಬ್ಬರ ಹೊಗೆಯೂ ಅರ್ಧಕ್ಕೆ ಇಳಿದಿತ್ತು. ಮೇಡಂ ಚಪ್ಪಾಳೆ ತಟ್ಟಿದಳು. ಆದರೆ ಅಣ್ಣ, ತಂಗಿ ಆಗಲೇ ಕಾಗದದ ಮೇಲೆ ಬಗ್ಗಿದ್ದರು.

"ಉಳಿದಿರೋ ಅರ್ಧದಲ್ಲಿ ನಿನ್ನ ಜನರೇಟರೇ ಜಾಸ್ತಿ ತಿಂತಾ ಇದೆ, ನೋಡು" ಎಂದ ಅಣ್ಣ.

"ಮತ್ತೆ ನಿನ್ನ ಮಂಜುಗಡ್ಡೆ?"

"ಅದಕ್ಕೂ ಒಂದು ದಾರಿ ಯೋಚಿಸಿದ್ದೀನಿ, ಬಾ" ಎಂದು ಅವನು ಪೆನ್ಸಿಲ್ ಕೈಗೆತ್ತಿಕೊಂಡ.