ಅಕ್ಕನ ಎಡಗೈ ಅಳತೆಯ ಕೋಣೆ

ಅಕ್ಕ ಬಟ್ಟೆಗೊಂಬೆ ಮಾಡುವವಳು. ಹಳೇ ಪರದೆ, ಸವೆದ ಅಂಗಿ, ಹರಿದ ದಿಂಬಿನ ಚೀಲ, ಏನು ಕೊಟ್ಟರೂ ಅವಳ ಕೈಯಲ್ಲಿ ಆನೆಯೋ ಮೊಲವೋ ಆಗಿ ಎದ್ದು ಕೂರುತ್ತಿತ್ತು. ಹೋದ ವರ್ಷ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಮಾತು ಬೇಗ ಮರಳಿತು, ಕಾಲೂ ಒಂದು ಹದಕ್ಕೆ ಬಂತು. ಕೈ ಮಾತ್ರ ಮಡಿಲಲ್ಲಿ ಮಲಗಿಬಿಟ್ಟಿತು.

ಆಮೇಲೆ ಹೊಲಿಗೆ ಕೋಣೆಯ ಬಾಗಿಲನ್ನು ಯಾರೂ ತೆಗೆದಿರಲಿಲ್ಲ. ಒಂದು ಭಾನುವಾರ ಅಕ್ಕನೇ ಫೋನ್ ಮಾಡಿದಳು.

"ಕೋಣೆ ಜೋಡಿಸ್ಬೇಕು, ಬಾರೇ. ನಿಮ್ಮ ಭಾವನಿಗೆ ಬಿಟ್ಟರೆ ಅದನ್ನೂ ಗ್ಯಾರೇಜ್ ಮಾಡಿಡ್ತಾರೆ."

ಭಾವ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ನಾನು ಆಸ್ಪತ್ರೆಯೊಂದರಲ್ಲಿ ಔಷಧಿ ದಾಸ್ತಾನು ನೋಡಿಕೊಳ್ಳುವವಳು. ಒಪ್ಪ ಓರಣ ಅಂದರೆ ನನಗೆ ಊಟ ನಿದ್ದೆ ಬೇಡ. ಮುಚ್ಚಳದ ಡಬ್ಬಿಗಳನ್ನು ಚೀಲದ ತುಂಬ ಹೊತ್ತುಕೊಂಡು ಹೋದೆ. ಗುಂಡಿ ಬೇರೆ, ಲೇಸು ಬೇರೆ, ಬಣ್ಣಬಣ್ಣದ ತುಂಡುಬಟ್ಟೆ ಬೇರೆ. ಮಧ್ಯಾಹ್ನದ ಹೊತ್ತಿಗೆ ಕಪಾಟು ಹೊಸ ಅಂಗಡಿಯ ಹಾಗೆ ಹೊಳೆಯುತ್ತಿತ್ತು. ಅಕ್ಕನನ್ನು ಕರೆತಂದು ಕೂರಿಸಿ, ಭೇಷ್ ಅನ್ನಿಸಿಕೊಳ್ಳಲು ಕಾದು ನಿಂತೆ.

ಅವಳು ಗುಂಡಿ ಡಬ್ಬಿಯನ್ನು ಎಡಗೈಯಲ್ಲಿ ಎದೆಗೊತ್ತಿ ಹಿಡಿದು ಮುಚ್ಚಳ ಎಬ್ಬಿಸಲು ನೋಡಿದಳು. ಡಬ್ಬಿ ಜಾರಿತು. ಗುಂಡಿಗಳೆಲ್ಲ ಕುರ್ಚಿಯಡಿಗೆ ಓಡಿದವು.

ನನ್ನ ಮುಖ ಇಷ್ಟೇ ಇಷ್ಟಾಯಿತು. ಅಕ್ಕ ನಕ್ಕಳು. "ಚೆನ್ನಾಗಿದೆ ಕಣೇ. ಆದ್ರೆ ಮುಚ್ಚಳಕ್ಕೆ ಎರಡು ಕೈ ಬೇಕು. ಎಲ್ಲಾ ತೆಗೆದುಹಾಕು."

"ಧೂಳು ಕೂರುತ್ತಲ್ಲೇ?"

"ದಿನಾ ಕೈಯಾಡಿಸಿದ್ರೆ ಧೂಳಿಗೆ ಕೂರೋಕೆ ಪುರುಸೊತ್ತೆಲ್ಲಿ?"

ಸೀಮೆಸುಣ್ಣ ಕೇಳಿದಳು. ಮೇಜಿನ ಮುಂದೆ ಕೂತಲ್ಲಿಂದಲೇ ಎಡಗೈ ಚಾಚಿ, ಎಟುಕುವಷ್ಟಕ್ಕೂ ಗೋಡೆಯ ಮೇಲೆ ಕಮಾನಿನ ಹಾಗೆ ಗೆರೆ ಎಳೆದಳು. "ಎಲ್ಲಾ ಇದರೊಳಗೇ ಇರ್ಬೇಕು. ಇಲ್ಲಾಂದ್ರೆ ಗಳಿಗೆಗೊಂದು ಸಲ ಇವರನ್ನ ಕೂಗ್ಬೇಕಾಗುತ್ತೆ. ಆಮೇಲೆ ಇವರು ಸನ್ಯಾಸ ತಗೋತಾರೆ."

"ಇನ್ನೂ ತಗೊಂಡಿಲ್ಲವಲ್ಲ, ಅದೇ ಆಶ್ಚರ್ಯ," ಅಂದರು ಬಾಗಿಲಲ್ಲಿದ್ದ ಭಾವ.

ಅಲ್ಲಿಂದ ಮುಂದೆ ಅವಳು ಹೇಳಿದ್ದು, ನಾವು ಮಾಡಿದ್ದು. ದಾರದ ಉಂಡೆಗಳು ಗೋಡೆಯ ಮೊಳೆಗಳನ್ನೇರಿದವು. ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತಿದ್ದವು. ದಾರ ಕತ್ತರಿಸಲು ಮೇಜಿನಂಚಿಗೆ ಒಂದು ಬ್ಲೇಡು. ಸೂಜಿಗಳು ಸೋಪಿನ ಬಿಲ್ಲೆಯಲ್ಲಿ ನೆಟ್ಟಗೆ ನಿಂತವು, ಒಂದೇ ಕೈಯಲ್ಲಿ ದಾರ ಪೋಣಿಸಬಹುದು. ಬಟ್ಟೆ ಹಿಡಿದುಕೊಳ್ಳಲು ಭಾವ ಗ್ಯಾರೇಜಿನಿಂದ ಕ್ಲಾಂಪ್ ತಂದು, ಅದರ ಬಾಯಿಗೆ ಮೆತ್ತನೆ ಬಟ್ಟೆ ಸುತ್ತಿ, ಮೇಜಿಗೆ ಬಿಗಿದರು.

"ಇಷ್ಟೆಲ್ಲ ಯಾವಾಗ ಯೋಚನೆ ಮಾಡಿದೆಯೇ?" ಅಂದೆ.

"ಹಾಸಿಗೆ ಹಿಡಿದಾಗ. ಸೂರು ನೋಡ್ತಾ ಬೇರೇನು ಮಾಡ್ಲಿ? ಮನಸ್ಸಲ್ಲೇ ಕೋಣೆ ಜೋಡಿಸ್ತಿದ್ದೆ, ಸರಿಹೋಗದಿದ್ರೆ ಕೆಡವಿ ಮತ್ತೆ ಜೋಡಿಸ್ತಿದ್ದೆ."

ನಾವು ಅವಳ ಹಾಸಿಗೆಯ ಪಕ್ಕ ಕೂತು, ಪಾಪ, ಸುಮ್ಮನೆ ಮಲಗಿದ್ದಾಳೆ ಎಂದು ಕಣ್ಣೊರೆಸಿಕೊಂಡ ದಿನಗಳವು.

ಕೊನೆಗೆ ಉಳಿದದ್ದು ಉಲ್ಲನ್ ದಾರ ಮತ್ತು ಹೆಣಿಗೆ ಕಡ್ಡಿಗಳ ಚೀಲ. ಅಕ್ಕ ಅದನ್ನು ತುಸು ಹೊತ್ತು ತೊಡೆಯ ಮೇಲಿಟ್ಟುಕೊಂಡಳು. "ಇದು ನೀನು ತಗೊಂಡು ಹೋಗು. ಮೂಲೆಗೆ ಎಸೀಬೇಡ, ಕಲಿ." ಅವಳ ಕಣ್ಣು ಒದ್ದೆಯಾದದ್ದನ್ನು ನೋಡದವಳಂತೆ ನಾನು ನೆಲದ ಗುಂಡಿ ಹೆಕ್ಕತೊಡಗಿದೆ.

ಸಂಜೆ ಅವಳು ಮೊಲದ ಕಿವಿಯೊಂದನ್ನು ಕ್ಲಾಂಪಿಗೆ ಸಿಕ್ಕಿಸಿ ಹೊಲಿದಳು. ಹೊಲಿಗೆ ಕುಡಿದವನ ನಡಿಗೆಯಂತಿತ್ತು. ಬಿಚ್ಚಿದಳು. ಮತ್ತೆ ಹೊಲಿದಳು, ಮತ್ತೆ ಬಿಚ್ಚಿದಳು.

"ಸಾಕು ಬಿಡೇ, ಯಾರಿಗೆ ಗೊತ್ತಾಗುತ್ತೆ?" ಅಂದರು ಭಾವ.

"ಮೊಲಕ್ಕೆ ಗೊತ್ತಾಗುತ್ತೆ," ಅಂದಳು, ತಲೆ ಎತ್ತದೆ.

ಈಗ ತಿಂಗಳಿಗೆ ಒಂದೋ ಎರಡೋ ಗೊಂಬೆ ಮುಗಿಯುತ್ತವೆ. ಮೊದಲಿನ ಓಟವಿಲ್ಲ, ಆದರೆ ಹೊಲಿಗೆ ಗಟ್ಟಿ. ಮೊನ್ನೆ ಹೋದಾಗ ಆನೆಯ ಸೊಂಡಿಲಿಗೆ ಹತ್ತಿ ತುಂಬುತ್ತಿದ್ದಳು. "ಕೂತ್ಕೊಂಡು ಮಾತಾಡ್ತಿರು, ಕೇಳಿಸ್ಕೋತೀನಿ," ಅಂದಳು. ಕಿಟಕಿಯ ಬೆಳಕು ಹೋಗುವವರೆಗೂ ನಾನು ಮಾತಾಡಿದೆ, ಅವಳು ಹೊಲಿದಳು.